ನೀರಿನ ಪುಸ್ತಕ

ಗೋಪೇವಾಡಿ, ಪಂಢರಪುರ ತಾಲೂಕು
ಮಾಘ ವದ್ಯ ಏಕಾದಶಿ, ಸೋಮವಾರ

ಚಿ. ಕೇತಕಿಗೆ ಶಾಲನ್ ಮಾವಶಿಯ ಅನೇಕ ಆಶೀರ್ವಾದಗಳು. ರಾಮಕೃಷ್ಣ ಹರಿ.

ಇವತ್ತು ಏಕಾದಶಿ. ನಸುಕಿಗೇ ಎದ್ದು ತಣ್ಣೀರು ಮೈಮೇಲೆ ಹೊಯ್ದುಕೊಂಡು, ಅಂಗಳ ಗುಡಿಸಿ, ಸಗಣಿಯಿಂದ ಸಾರಿಸಿದೆ. ವಿಠೋಬನ ಮುಂದೆ ದೀಪ ಹಚ್ಚಿ ನಾಮ ಹೇಳಿಕೊಂಡೆ. ಒಲೆಯ ಕೆಲಸವಿಲ್ಲ, ಸಂಜೆಗೆಂದು ಎರಡು ಗೆಣಸು ತೊಳೆದಿಟ್ಟಿದ್ದೇನೆ. ತೋಟಕ್ಕೂ ಹೋಗಿ ಬಂದೆ. ಅಲ್ಲಿ ಏನು ಮಾಡಿದೆ ಎಂಬುದನ್ನು ಮುಂದೆ ಬರೆಯುತ್ತೇನೆ. ಮೊದಲಿಗೇ ಬರೆಯಹೋದರೆ ಕೈ ಅಲ್ಲೇ ನಿಂತುಬಿಡುತ್ತದೆ.

ತಡವಾಯಿತು, ಕ್ಷಮಿಸು ಮಗಳೇ. ನೀನು ಫೋನು ಮಾಡಿ ಒಂಬತ್ತು ದಿನವಾಯಿತು. ಶುಕ್ರವಾರ ಪುಣೆಯಲ್ಲಿ ಪದವಿಯ ದೊಡ್ಡ ಪರೀಕ್ಷೆ, ಹೊರಗಿನಿಂದ ಬರುವ ಪರೀಕ್ಷಕರು ತುಳಸಿ ಕುಂಡಗಳಿಗೆ ನೀರು ಹಾಕಿದ ಲೆಕ್ಕದ ಪುಸ್ತಕ ನೋಡಬೇಕು ಎಂದಿದ್ದಾರೆ, ಹೌಸಾಬಾಯಿಯ ಕೈಯಲ್ಲಿ ಕಳಿಸಿ ಮಾವಶಿ, ಅದೇ ನನ್ನ ಸಾಕ್ಷಿ ಎಂದೆ. ಹೌಸಾ ಮಂಗಳವಾರ ಮಂಗಳವಾರ ತುಳಸಿ ಹೊರೆ ಹೊತ್ತು ಪುಣೆಯ ಹೂವಿನ ಪೇಟೆಗೆ ಬರುವವಳು. ಹೋದ ಮಂಗಳವಾರವೇ ಬಾಗಿಲಿಗೆ ಬಂದಿದ್ದಳು. ಪುಸ್ತಕ ಎಲ್ಲಿಟ್ಟೆನೋ ಸಿಗುತ್ತಿಲ್ಲ ಎಂದು ಅವಳಿಗೆ ಸುಳ್ಳು ಹೇಳಿದೆ. ಪುಸ್ತಕ ದೇವರ ಗೂಡಿನ ಮೇಲೇ ಇತ್ತು, ಅವಳು ನಿಂತ ಜಾಗದಿಂದ ಕಾಣುವ ಹಾಗೆ. ಹೌಸಾ ಸುಮ್ಮನಿರುವವಳೇ? “ಪುಸ್ತಕ ಕಳದೈತಿ ಅಂದ್ರ ನಂಬ್ತೀನಿ ಬಿಡು. ಆದ್ರ ನಿನ್ನ ಮಾರಿ ಯಾಕ ಕಳದೈತಿ?” ಎಂದು ಕೇಳಿ ಹೋದಳು. ಬಸ್ಸು ಹತ್ತುವವರೆಗೂ ತಿರುಗಿ ತಿರುಗಿ ನೋಡಿದಳಂತೆ.

ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಂಬರು ಒತ್ತಿದೆ. ನೀನು “ಹಾಂ ಮಾವಶಿ” ಎಂದ ಕೂಡಲೇ ಊಟವಾಯಿತಾ, ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಬಾಯಲ್ಲಿ ಬಾರದ್ದು ಬರೆಯಲು ಬರುತ್ತದೆಯೋ ನೋಡುತ್ತೇನೆ.

ಮೊದಲು ಊರಿನ ಸುದ್ದಿ. ತೋಟದಲ್ಲಿ ಹಸಿರು ಬಲೆ ಹೊದಿಸಿ ಕುಂಡಗಳನ್ನಿಟ್ಟ ನಿನ್ನ ಬಲೆಮನೆ ಈಗ ಗುಡಿಯಾಗಿದೆ. ಏಕಾದಶಿ ಬಂದರೆ ಸಾಕು, ಮೂರು ಹಳ್ಳಿಯ ಹೆಂಗಸರು ಬಂದು ಕುಂಡಗಳ ಮುಂದೆ ಅರಿಸಿನ ಕುಂಕುಮ ಇಡುತ್ತಾರೆ. ಹೋದ ತಿಂಗಳು ಒಬ್ಬಳು ಹದಿನೇಳನೇ ನಂಬರಿನ ಕುಂಡಕ್ಕೆ ಹರಕೆ ಹೊತ್ತು ಹಸಿರು ಬಳೆ ಕಟ್ಟಿ ಹೋದಳು. ತೋಟದ ಕಾವಲುಗಾರ ವಾಮನ ಒಡೆದ ತೆಂಗಿನಕಾಯಿ ಹೋಳುಗಳನ್ನು ಬಾಚಿಕೊಂಡು, “ಶಾಲನ್‌ಬಾಯಿ, ನಿಮ್ಮ ಕೇತಕಿ ಅಕ್ಕಾಗ ಡಾಕ್ಟರ್ ಪದವಿ ಬರಲಿ ಬಿಡಲಿ, ನಮ್ಮ ಮನ್ಯಾಗ ಚಟ್ನಿಗೆ ಕೊರತಿ ಇಲ್ಲ” ಎನ್ನುತ್ತಾನೆ. ಕೀರ್ತನಕಾರ ಸೋಪಾನಬುವಾ ಕಾರ್ತಿಕದಿಂದ ಇಲ್ಲಿಯವರೆಗೆ ಹನ್ನೊಂದು ಊರುಗಳಲ್ಲಿ ಇದೇ ಕೀರ್ತನೆ ಹೇಳಿದ್ದಾರೆ. ಸಾತಾರೆಯ ಮಾಸ್ತರರ ಮಗಳು, ದೇವರನ್ನು ನಂಬದ ಹುಡುಗಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಎಲೆಯ ಉಸಿರಿನ ಚಿತ್ರ ತೆಗೆದಳು. ಏಕಾದಶಿಯ ದಿನ ತುಳಸಿ ಮಾತೆ ಬಾಯಿ ಮುಚ್ಚಿ ಉಪವಾಸವಿರುವುದನ್ನು ಯಂತ್ರವೇ ಹೇಳಿತು ಎನ್ನುತ್ತಾರೆ. ಜನ ತಾಳ ಎತ್ತಿ ಹಿಡಿದು ಜಯಕಾರ ಹಾಕುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಸೆರಗು ಮುಂದೆ ಎಳೆದುಕೊಂಡು ಕೂತಿರುತ್ತೇನೆ.

ಮೊದಲ ವರ್ಷ ನಿನಗೆ ನೆನಪಿದೆಯೇ? ಎಲೆಯ ಹಿಂಬದಿಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎತ್ತಿ ಗಾಜಿನ ಮೇಲೆ ಕೂರಿಸಬೇಕು, ಆಗ ಎಲೆಯ ಬಾಯಿಗಳ ಅಚ್ಚು ಸಿಗುತ್ತದೆ ಎಂದು ನೀನು ಕಲಿಸಿದೆ. ಪತ್ರರಂಧ್ರ ಎಂದು ನಿನ್ನ ಪಾಠದ ಪುಸ್ತಕದಲ್ಲಿರುವ ಹೆಸರು ಹೇಳಿದೆ; ನಾನು ಬಾಯಿ ಎಂದೇ ಕರೆದೆ, ಕೊನೆಗೆ ನೀನೂ ಹಾಗೇ ಕರೆದೆ. ಬಾಟಲಿಗಳನ್ನು ತರಲು ಪೇಟೆಗೆ ಹೋದರೆ ಅಂಗಡಿಯ ಶೇಠನ ಹೆಂಡತಿ ಹನ್ನೆರಡೂ ಬಾಟಲಿಗಳನ್ನು ಸಾಲಾಗಿ ಇಟ್ಟು, “ಶಾಲನ್‌ಬಾಯಿ, ಗಂಡ ಸತ್ತು ಹದಿನೈದು ವರ್ಷದ ಮ್ಯಾಲ ಉಗುರಿಗೆ ಬಣ್ಣ, ಅದೂ ಡಜನ್ ಲೆಕ್ಕದಾಗ. ಯಾರಿಗೆ ತೋರ್ಸಾಕ?” ಎಂದಳು. ತುಳಸಿಗೆ ಎಂದೆ. ಅಂಗಡಿ ತುಂಬ ನಕ್ಕರು.

ಆಮೇಲೆ ಯಂತ್ರಕ್ಕೆ ಪಾಠ. ತೆರೆದ ಬಾಯಿಗೆ ಹಸಿರು ಸುತ್ತು, ಮುಚ್ಚಿದ ಬಾಯಿಗೆ ಕೆಂಪು ಸುತ್ತು, ಚಿತ್ರದ ಮೇಲೆ ಒಂದೊಂದಾಗಿ ಹಾಕಬೇಕು. ಮನುಷ್ಯರು ಸಾವಿರಗಟ್ಟಲೆ ತೋರಿಸಿಕೊಟ್ಟರೆ ಯಂತ್ರ ತಾನೇ ಗುರುತು ಹಿಡಿಯುತ್ತದೆ ಎಂದು ನೀನು ಹೇಳಿದೆ. ನಿನ್ನ ಕಣ್ಣಿಗೆ ನೋವು ಬಂದಾಗ ನಾನು ಕೂತೆ. ಒಡೆದ ಜವೆಗೋಧಿಯ ಹಾಗೆ ಕಂಡರೆ ಹಸಿರು, ಹೊಲಿದ ಗಾಯದ ಹಾಗೆ ಕಂಡರೆ ಕೆಂಪು. ಹನ್ನೊಂದು ಸಾವಿರ ಸುತ್ತು ಹಾಕಿದೆ. ಮೊದಲ ಸಲ ಯಂತ್ರ ತನ್ನಷ್ಟಕ್ಕೆ ತಾನೇ ಎಣಿಸಿದಾಗ ನೀನು, “ಮಾವಶಿ, ನಿಮ್ಮ ಶಿಷ್ಯ ಪಾಸಾದ” ಎಂದು ನನ್ನ ಬೆನ್ನು ತಟ್ಟಿದೆ. ಮನೆಗೆ ಬಂದು ವಿಠೋಬನಿಗೆ ಹೇಳಿದ್ದೆ, ಶಾಲೆ ಬಿಡಿಸಿದವರು ಇದನ್ನು ನೋಡಬೇಕಿತ್ತು ಎಂದು.

ವಿಠೋಬನ ಮಾತು ಬಂದರೆ ನಿನ್ನ ನಾಲಿಗೆ ತಡೆಯುತ್ತಿರಲಿಲ್ಲ. ನಾನು ಎರಡು ಕೊಡ ಹೊತ್ತು ಬಲೆಮನೆಗೆ ಬರುವುದನ್ನು ನೋಡಿ, “ಸೊಂಟದ ಮ್ಯಾಲ ಕೈ ಇಟ್ಕೊಂಡು ಯುಗಯುಗ ನಿಂತಾನಲ್ಲ ನಿಮ್ಮ ದೇವ್ರು, ಒಂದ ದಿನ ಕೈ ತಗದು ಒಂದ ಕೊಡ ಎತ್ತಲಿ ನೋಡೋಣ” ಎನ್ನುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಈ ಹುಡುಗಿಗೆ ಒಂದು ದಿನ ನಿನ್ನ ಗುರುತು ಸಿಗಲಿ ಎಂದು ದಿನಾ ಕೇಳಿಕೊಂಡೆ. ಕೇಳಿಕೊಂಡದ್ದು ತಪ್ಪಲ್ಲ. ಸಿಕ್ಕ ರೀತಿ ತಪ್ಪು.

ಈಗ ಬರೆಯುತ್ತೇನೆ.

ಕುಂಡಗಳಿಗೆ ದಿನಾ ಮುಂಜಾನೆ ಆರಕ್ಕೆ ನೀರು, ಒಂದು ದಿನವೂ ತಪ್ಪಬಾರದು, ಹೆಚ್ಚು ಕಡಿಮೆಯೂ ಆಗಬಾರದು ಎಂದು ನೀನು ಅಳತೆಯ ಚೊಂಬು ಕೊಟ್ಟೆ. ನೀನು ಅಚ್ಚು ತೆಗೆಯಲು ಬರುವುದು ಹತ್ತು ಗಂಟೆಗೆ. ನೀರಿನ ಕೆಲಸ ಪೂರ್ತಿ ನನ್ನದು. ಪುಸ್ತಕದಲ್ಲಿ ತಾರೀಖು, ಪಕ್ಕದಲ್ಲಿ ಗುರುತು, ಕೊನೆಗೆ ನನ್ನ ಸಹಿ. ನೀರಿನ ಲೆಕ್ಕಕ್ಕೆ ಕುಂಡ ತೂಗುವ ತಕ್ಕಡಿ ಬರುತ್ತದೆ ಎಂದರು, ಬರಲೇ ಇಲ್ಲ. ನೀನು ನನ್ನ ಗುರುತನ್ನೇ ತಕ್ಕಡಿ ಎಂದುಕೊಂಡೆ.

ನಮ್ಮ ಮನೆಯಲ್ಲಿ ಏಕಾದಶಿಯ ದಿನ ತುಳಸಿಗೆ ನೀರು ಹಾಕುವುದಿಲ್ಲ. ನನ್ನ ತಾಯಿ ಹಾಕಿದವಳಲ್ಲ, ಅತ್ತೆ ಹಾಕಿದವಳಲ್ಲ. ಅವತ್ತು ತುಳಸಿ ವಿಠೋಬನಿಗಾಗಿ ನೀರೂ ಮುಟ್ಟದೆ ಇರುತ್ತಾಳೆ, ನೀರು ಹಾಕಿದರೆ ಅವಳ ವ್ರತ ಕೆಡಿಸಿದಂತೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮಾರಾಟಕ್ಕೆ ಬೆಳೆದ ಹೊಲದ ತುಳಸಿಯ ಮಾತು ಬೇರೆ, ಅಲ್ಲಿ ಕಾಲುವೆ ಬಿಟ್ಟಾಗ ನೀರು. ಆದರೆ ಕುಂಡದಲ್ಲಿ ಕೂತ ತುಳಸಿ ನನಗೆ ಅಂಗಳದ ವೃಂದಾವನದವಳ ಹಾಗೆಯೇ ಕಂಡಳು. ಬಲೆಮನೆಗೆ ಬಂದ ಮೊದಲ ಏಕಾದಶಿ ಚೊಂಬು ತುಂಬಿಸಿದೆ. ಕೈ ಮುಂದೆ ಹೋಗಲಿಲ್ಲ. ಒಂದು ದಿನದಲ್ಲಿ ಗಿಡ ಸಾಯುವುದಿಲ್ಲ, ನಾಳೆ ದ್ವಾದಶಿಗೆ ಹೊತ್ತು ಹುಟ್ಟುವ ಮೊದಲೇ ಹಾಕಿದರಾಯಿತು ಎಂದುಕೊಂಡೆ. ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟರೆ ನಿನ್ನ ಸಂಶೋಧನೆ ನೋಡಿಕೊಳ್ಳುವ ಸರ್ ಕೂಗಾಡುತ್ತಾರೆ ಎಂದು ಗುರುತು ಹಾಕಿದೆ. ಅಷ್ಟೇ. ಹದಿನೈದು ದಿನಕ್ಕೆ ಇನ್ನೊಂದು ಏಕಾದಶಿ, ಇನ್ನೊಂದು ಗುರುತು. ಎರಡನೆಯದು ಮೊದಲಿನದಕ್ಕಿಂತ ಸುಲಭವಾಗಿತ್ತು.

ಕೇತಕಿ, ನಿನ್ನ ಕೆಲಸ ನಡೆದ ಆ ಹದಿನೆಂಟು ತಿಂಗಳಲ್ಲಿ ಒಂದು ಏಕಾದಶಿಗೂ ನಾನು ನಿನ್ನ ತುಳಸಿಗೆ ನೀರು ಹಾಕಲಿಲ್ಲ.

ಅದಕ್ಕೇ ನಿನ್ನ ಯಂತ್ರ ಪ್ರತಿ ಹದಿನೈದು ದಿನಕ್ಕೆ ಕೆಂಪು ಸುತ್ತುಗಳನ್ನು ಎಣಿಸಿತು. ಅದು ಸುಳ್ಳು ಹೇಳಲಿಲ್ಲ. ಮುಚ್ಚಿದ ಬಾಯಿಯನ್ನು ಮುಚ್ಚಿದೆ ಎಂದಿತು. ಯಾಕೆ ಮುಚ್ಚಿತು ಎಂದು ಅದನ್ನು ಯಾರೂ ಕೇಳಲಿಲ್ಲ, ಹೇಳಬಹುದಾದವಳು ನಾನೊಬ್ಬಳಿದ್ದೆ.

ಹೋದ ಚೈತ್ರದಲ್ಲಿ ನೀನು ಆ ಅಂಕುಡೊಂಕಿನ ಗೆರೆಯ ಕಾಗದ ಹಿಡಿದು ಓಡಿ ಬಂದೆ. ಪಂಚಾಂಗ ತೆಗೆಸಿ, ಒಂದೊಂದು ತಗ್ಗಿಗೂ ನನ್ನ ಬಾಯಿಂದಲೇ ತಿಥಿ ಹೇಳಿಸಿದೆ. ಎಲ್ಲವೂ ಏಕಾದಶಿ. ನಿನ್ನ ಸರ್ ಚಂದ್ರನ ಸೆಳೆತ ಇರಬಹುದು ಎಂದರು. ಮುಂದಿನ ಏಕಾದಶಿ ನೀನು ಮೊದಲ ಸಲ ನನ್ನ ಜೊತೆ ಉಪವಾಸ ಕೂತೆ. ಸಾಬುದಾಣೆ ಖಿಚಡಿಯನ್ನು ಮೂರು ತಟ್ಟೆ ತಿಂದು, ಇಂಥ ಉಪವಾಸ ದಿನಾ ಬೇಕಾದರೂ ಮಾಡುತ್ತೇನೆ ಎಂದೆ. ಆಮೇಲೆ ನನ್ನ ಹಿಂದೆಯೇ ಬಂದು ವಿಠೋಬನ ಮುಂದೆ ಕೈ ಜೋಡಿಸಿ ನಿಂತೆ. ಎಷ್ಟು ಹೊತ್ತು ನಿಂತೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ದೀಪದ ಬತ್ತಿ ಎರಡು ಸಲ ಸರಿ ಮಾಡಿದೆ ನಾನು.

ಆಷಾಢದಲ್ಲಿ ಪಂಢರಪುರದ ಪಾಲಖಿ ಯಾತ್ರೆಯ ಜೊತೆ ಆಳಂದಿಯಿಂದ ನಡೆದು ಬಂದೆನಲ್ಲ, ಆ ಇಪ್ಪತ್ತೊಂದು ದಿನ ನೀರು ಹಾಕಿದವಳು ನೀನು. ಅದರಲ್ಲಿ ಎರಡು ಏಕಾದಶಿ ಬಂದವು, ಎರಡನೆಯದು ಆಷಾಢಿಯೇ, ವರ್ಷದ ದೊಡ್ಡ ಏಕಾದಶಿ. ನಾನು ಊರಿಗೆ ಬಂದ ಕೂಡಲೇ ನೀನು ಗೊಂದಲದಲ್ಲಿ ಹೇಳಿದೆ, “ಮಾವಶಿ, ವರ್ಷವೆಲ್ಲ ಉಪವಾಸ ಮಾಡಿದಾಕಿ ಆಷಾಢಿಗೇ ತಪ್ಪಿಸ್ಯಾಳ. ಎಲ್ಲಾ ಬಾಯಿ ತೆರದಾವ.” ಮೋಡ ಕವಿದಿತ್ತು, ಗಾಳಿಯಲ್ಲಿ ತೇವವಿತ್ತು, ಅದಕ್ಕೇ ಇರಬೇಕು ಎಂದು ನೀನು ಆ ಎರಡು ದಿನದ ಚಿತ್ರಗಳನ್ನು ಬೇರೆ ತೆಗೆದಿಟ್ಟೆ. ನಿನ್ನನ್ನು ದೂರುತ್ತಿಲ್ಲ. ನಾನು ಅಲ್ಲೇ ನಿಂತಿದ್ದೆ, ಕಾಲಿನ ಬೊಕ್ಕೆಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಮೋಡವಲ್ಲ ಮಗಳೇ, ನಿನ್ನ ಚೊಂಬು ಎಂದು ಹೇಳಬಹುದಿತ್ತು. ಅವತ್ತು ನನಗೆ ಅರ್ಥವಾಯಿತು ಎಂದು ಇಟ್ಟುಕೋ. ಅರ್ಥವಾಗಿಯೂ ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ? ಮುಂದಿನ ವಾರ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ನಿನ್ನ ಲೇಖನ ಅಚ್ಚಾಯಿತು. ದೀಪಾವಳಿ ಮುಗಿಯಲಿ ಎಂದುಕೊಂಡೆ. ಬುವಾ ಕೀರ್ತನೆ ಶುರು ಮಾಡಿದರು. ಪರೀಕ್ಷೆ ಮುಗಿದುಬಿಟ್ಟರೆ ಹೇಳುವ ಅಗತ್ಯವೇ ಇಲ್ಲವೆಂದೂ ಒಂದು ದಿನ ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಫೋನು ಬಂತು. ಆ ಪುಸ್ತಕದ ಮೇಲೆ ಕೈಯಿಟ್ಟು ನೀನು ನಾಲ್ಕು ಜನರ ಮುಂದೆ ಇದು ನಿಜ ಎನ್ನಬೇಕು. ಗುರುತು ನನ್ನದು, ಮಾತು ನಿನ್ನದು.

ಮೊನ್ನೆ ಬುವಾ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ವೀಣೆಯ ತಂತಿ ಬಿಗಿಯುತ್ತಿದ್ದರು. ಬೈಯುತ್ತಾರೆಂದು ಹೋದವಳು ನಾನು, ಅವರು ಬೈಯಲಿಲ್ಲ. ತಂತಿಯಿಂದ ಕೈ ತೆಗೆದು ಹೇಳಿದರು: “ಶಾಲನ್, ಈ ಕೀರ್ತನ ಕೇಳಿ ಕಾಲುವಿ ಆಚಿ ಓಣ್ಯಾಗ ಏಳು ಮಂದಿ ಏಕಾದಶಿಗೆ ಕುಡಿಯೋದು ಬಿಟ್ಟಾರ. ಗಿಡ ಇರ್ತೈತಿ, ನಾವು ಒಂದ ದಿನ ಇರಬಾರದೇನು ಅಂತ ಬಿಟ್ಟಾರ. ಈಗ ನೀ ಹೋಗಿ ಅದು ಸುಳ್ಳು ಅಂದಿ ಅಂದ್ರ ಸಂಜಿಗೇ ಅಂಗಡಿ ಮುಂದ ನಿಂತಿರ್ತಾರ. ಅವರ ಹೆಂಡರಿಗೆ ಏನ ಹೇಳ್ತಿ?”

ಆ ಏಳು ಮಂದಿಯಲ್ಲಿ ಒಬ್ಬ ಹೌಸಾಳ ತಮ್ಮ.

“ಹಂಗಾರ ಆ ಹುಡುಗಿ ಶುಕ್ರವಾರ ಸುಳ್ಳಿನ ಮ್ಯಾಲ ಪ್ರಮಾಣ ಮಾಡ್ಲೇನ್ರಿ?” ಎಂದು ಕೇಳಿದೆ.

“ಆಕಿಗೆ ಗೊತ್ತಿಲ್ಲಲ್ಲ. ಗೊತ್ತಿಲ್ಲದಾಕಿಗೆ ಪಾಪ ಹತ್ತೂದಿಲ್ಲ.”

“ಗೊತ್ತಿದ್ದಾಕಿಗೆ?”

ಬುವಾ ತಂತಿಯನ್ನು ಇನ್ನೊಂದು ಸುತ್ತು ಬಿಗಿದರು. ಹೊರಡುವಾಗ ಬಾಗಿಲವರೆಗೆ ಬಂದು, ಮುಂದಿನ ಕೀರ್ತನೆ ಮಹಾಶಿವರಾತ್ರಿ ಆದಮೇಲೆ ಇದೆ, ಅಲ್ಲಿಯತನಕ ನಾನು ಬಾಯಿ ಬಿಡುವುದಿಲ್ಲ, ನಿನ್ನ ಮನಸ್ಸು ನೀನು ನೋಡಿಕೋ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಹೆಸರು ಹೇಳುವಾಗ ಅವರ ಕಣ್ಣಲ್ಲಿ ನೀರು ಬರುವುದನ್ನು ನಾನು ನೋಡಿದ್ದೇನೆ.

ಆದರೂ ನನಗೊಂದು ಆಸೆ ಉಳಿದಿತ್ತು, ನಗಬೇಡ. ನಾನು ನೀರು ಹಾಕದೆ ಇದ್ದದ್ದು ಸರಿ, ಆದರೆ ಹಾಕಿದ್ದರೂ ಅವಳು ಬಾಯಿ ಮುಚ್ಚುತ್ತಿದ್ದಳೋ ಏನೋ? ಆಷಾಢದಲ್ಲಿ ನಿಜವಾಗಿಯೂ ಮೋಡವಿತ್ತಲ್ಲ? ಈ ಆಸೆಯನ್ನು ಇಟ್ಟುಕೊಂಡು ನಿನಗೆ ಬರೆಯಲು ಕೂತರೆ ಅದು ಅರ್ಧ ಸುಳ್ಳಾಗುತ್ತಿತ್ತು. ನೀನೇ ಹೇಳಿಕೊಟ್ಟಿದ್ದೆ, ಅನುಮಾನ ಬಂದರೆ ಅರ್ಧಕ್ಕೆ ಹಾಕು ಅರ್ಧಕ್ಕೆ ಬಿಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು ಎಂದು.

ಇವತ್ತು ಮುಂಜಾನೆ ಆರಕ್ಕೆ ಬಲೆಮನೆಗೆ ಹೋದೆ. ನಲವತ್ತರಲ್ಲಿ ಈಗ ಇಪ್ಪತ್ತನಾಲ್ಕು ಕುಂಡ ಉಳಿದಿವೆ. ನಿನ್ನೆ ಎಲ್ಲಕ್ಕೂ ಅಳತೆಯ ನೀರು ಹಾಕಿದ್ದೆ. ಇವತ್ತು ಚೊಂಬು ತುಂಬಿಸಿ, ತುಳಸಿಯ ಮುಂದೆ ಕೂತು ಕೈ ಮುಗಿದು, ನಿನ್ನ ವ್ರತ ಕೆಡಿಸುತ್ತಿದ್ದರೆ ಪಾಪ ನನಗಿರಲಿ, ಆ ಹುಡುಗಿಗೆ ಬೇಡ ಎಂದೆ. ಒಂದು ಬಿಟ್ಟು ಒಂದಕ್ಕೆ ಹಾಕುತ್ತಾ ಹೋದೆ. ಐವತ್ತು ವರ್ಷದಲ್ಲಿ ಮೊದಲ ಸಲ. ಮೊದಲ ಕುಂಡಕ್ಕೆ ಹಾಕುವಾಗ ನೀರು ಪಾದದ ಮೇಲೆ ಚೆಲ್ಲಿತು. ಐದನೆಯದಕ್ಕೆ ಬಂದಾಗ ಒಂದು ಹನಿಯೂ ಚೆಲ್ಲಲಿಲ್ಲ. ಕೈಗೆ ಅಷ್ಟು ಬೇಗ ರೂಢಿಯಾದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಹತ್ತೂವರೆಗೆ ಉಗುರುಬಣ್ಣ ಹಚ್ಚಿದೆ. ಒಣಗುವವರೆಗೆ ವಾಮನ ಬಾಗಿಲಲ್ಲಿ ನಿಂತು ಹೆಂಗಸರನ್ನು ತಡೆದ. ಒಳಗೆ ಶಾಲನ್‌ಬಾಯಿ ದೊಡ್ಡ ಪೂಜೆಯಲ್ಲಿದ್ದಾರೆ ಎಂದು ಹೇಳಿದನಂತೆ. ಇಪ್ಪತ್ತನಾಲ್ಕೂ ಅಚ್ಚು ಎತ್ತಿದೆ, ಒಂದೂ ಹರಿಯಲಿಲ್ಲ. ಕಂಪ್ಯೂಟರನ್ನು ನೀನು ಒಯ್ದಿದ್ದೀ, ಹಳೆಯ ಸೂಕ್ಷ್ಮದರ್ಶಕ ಇಲ್ಲೇ ಇದೆ. ಯಂತ್ರವಿಲ್ಲದೆ ನನ್ನ ಕಣ್ಣಿನಿಂದಲೇ ಎಣಿಸಿದೆ. ನೀರು ಹಾಕಿದ ಮೊದಲ ಗಾಜಿನಲ್ಲಿ ಐವತ್ತೆರಡು ಬಾಯಿ, ತೆರೆದದ್ದು ನಲವತ್ತಾರು. ಹಾಕದ ಮೊದಲ ಗಾಜಿನಲ್ಲಿ ಐವತ್ತು, ತೆರೆದದ್ದು ಒಂಬತ್ತು. ಉಳಿದವೂ ಹಾಗೆಯೇ, ಒಂದೆರಡು ಆಚೆ ಈಚೆ. ಒಂದೇ ಏಕಾದಶಿ, ಒಂದೇ ಬಿಸಿಲು, ಒಂದೇ ದೇವರು. ನೀರು ಸಿಕ್ಕವಳು ಉಸಿರಾಡಿದಳು, ಸಿಗದವಳು ಬಾಯಿ ಮುಚ್ಚಿದಳು.

ಅನ್ನ ಮುಂದಿದ್ದೂ ತಿನ್ನದೆ ಇರುವುದು ಉಪವಾಸ. ಬಡಿಸುವವಳೇ ಬಡಿಸದಿದ್ದರೆ ಅದಕ್ಕೆ ಬೇರೆ ಹೆಸರಿದೆ. ಹದಿನೆಂಟು ತಿಂಗಳು ನಾನು ಅವಳನ್ನು ಹಸಿದಿಟ್ಟು, ಅವಳ ಭಕ್ತಿ ಎಂದು ಊರಿಗೆಲ್ಲ ತೋರಿಸಿದೆ. ಗಾಜಿನಿಂದ ಕಣ್ಣು ತೆಗೆದು ಅಲ್ಲೇ ನೆಲದ ಮೇಲೆ ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಎದ್ದು ಉಳಿದ ಹನ್ನೆರಡಕ್ಕೂ ನೀರು ಹಾಕಿದೆ.

ಈ ಪತ್ರದ ಜೊತೆ ಪುಸ್ತಕ ಕಳಿಸಿದ್ದೇನೆ. ಸುಳ್ಳು ಗುರುತುಗಳ ಸುತ್ತ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ. ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಹಾಕಿದ್ದು, ಒಂದೂ ತಪ್ಪಿಲ್ಲ. ಕೊನೆಯ ಪುಟದಲ್ಲಿ ಏಕಾದಶಿಗಳಂದು ನಾನು ನೀರು ಹಾಕಿಲ್ಲ, ಕೇತಕಿಗೆ ಇದು ಗೊತ್ತಿರಲಿಲ್ಲ ಎಂದು ಬರೆದು ಸಹಿ ಮಾಡಿದ್ದೇನೆ, ವಾಮನನ ಸಹಿಯೂ ಇದೆ. ಅವನು ಓದದೆ ಸಹಿ ಮಾಡಲು ಹೊರಟಿದ್ದ, ಓದಿಸಿದೆ. ಓದಿ ಗೇಟಿನ ಕಡೆ ನೋಡಿದ. “ಇನ್ನ ಚಟ್ನಿ ಕೊಂಡ ತಿನ್ನಬೇಕು” ಎಂದಷ್ಟೇ ಹೇಳಿ ಸಹಿ ಹಾಕಿದ. ಇಪ್ಪತ್ತನಾಲ್ಕು ಗಾಜುಗಳು ಹತ್ತಿಯಲ್ಲಿ ಸುತ್ತಿ ಪೇಢೆಯ ಡಬ್ಬಿಯಲ್ಲಿವೆ. ನೀರು ಹಾಕಿದವಕ್ಕೆ ಬಿಳಿ ದಾರ, ಹಾಕದವಕ್ಕೆ ಕೆಂಪು ದಾರ. ನನ್ನ ಎಣಿಕೆಯನ್ನು ನಂಬಬೇಡ. ನಿನ್ನ ಯಂತ್ರಕ್ಕೆ ತೋರಿಸು.

ಇದರಿಂದ ನಿನ್ನ ಪದವಿ ಹೋಗುತ್ತದೆಯೋ, ಮುಂದಕ್ಕೆ ಹೋಗುತ್ತದೆಯೋ ನನಗೆ ತಿಳಿಯದು. ಕುಂಡದ ತುಳಸಿ ಒಂದೇ ಒಂದು ದಿನ ನೀರು ತಪ್ಪಿದರೆ ಇಷ್ಟು ಬಾಯಿ ಮುಚ್ಚುತ್ತದೆ ಎಂಬುದು ಸುಳ್ಳಲ್ಲವಲ್ಲ, ಅದಕ್ಕೆ ಏನಾದರೂ ಬೆಲೆ ಇರಬಹುದೇ ಎಂದು ಕೇಳಬೇಕೆನಿಸುತ್ತದೆ. ಕೇಳುವ ಹಕ್ಕು ನನಗಿಲ್ಲ. ನಿನ್ನ ಸರ್ ನನ್ನನ್ನು ಕೆಲಸದಿಂದ ತೆಗೆಯಲಿ, ನ್ಯಾಯವೇ. ಬೇಕಾದರೆ ಶುಕ್ರವಾರ ನಾನೇ ಪುಣೆಗೆ ಬಂದು ಆ ದೊಡ್ಡವರ ಮುಂದೆ ನಿಂತು ಹೇಳುತ್ತೇನೆ. ಮರಾಠಿಯಲ್ಲಿ ಕೇಳಿದರೆ ಯಾವ ಪ್ರಶ್ನೆಗೂ ಹೆದರುವುದಿಲ್ಲ.

ಊರಿನವರಿಗೆ ಹೇಗೆ ಹೇಳುವುದು ಎಂಬುದು ನನ್ನ ಪಾಲಿನ ಕೆಲಸ, ಅದರ ಚಿಂತೆ ನೀನು ಮಾಡಬೇಡ. ಹೌಸಾಳಿಗೆ ಇವತ್ತು ಸಂಜೆಯೇ ಹೇಳುತ್ತೇನೆ. ತಾನು ಏನು ಹೊತ್ತೊಯ್ಯುತ್ತಿದ್ದೇನೆ ಎಂದು ತಿಳಿದೇ ಅವಳು ಒಯ್ಯಲಿ. ವಿಠೋಬನ ಮುಂದೆ ನೀನು ಕೈ ಜೋಡಿಸುವುದು ಉಳಿಯುತ್ತದೆಯೋ ಇಲ್ಲವೋ ಅದೂ ನಿನಗೆ ಸೇರಿದ್ದು. ನನ್ನ ದೇವರು ನನ್ನ ಸುಳ್ಳಿನ ಮೇಲೆ ನಿಂತವನಲ್ಲ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ಹಾಕಬೇಡ ಎಂದಷ್ಟೇ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಹಾದಲ್ಲೇ ದಿನ ಕಳೆಯಬೇಡ. ಶುಕ್ರವಾರ ಆ ನೀಲಿ ಅಂಚಿನ ಸೀರೆ ಉಟ್ಟುಕೋ, ಅದರಲ್ಲಿ ನೀನು ನೇರವಾಗಿ ನಿಲ್ಲುತ್ತೀ. ನಿನ್ನ ತಂದೆಗೆ ನಮಸ್ಕಾರ ತಿಳಿಸು. ಏನು ಬಂದರೂ ಎದುರಿಸುವ ಬಲವನ್ನು ಪಾಂಡುರಂಗ ನಿನಗೆ ಕೊಡಲಿ, ನಿನ್ನ ಕಣ್ಣು ಎಂದೂ ಮಂಜಾಗದಿರಲಿ.

ನಿನ್ನ,
ಶಾಲನ್ ಮಾವಶಿ

ತಾಜಾಕಲಂ: ಪತ್ರ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಮೇಲೆ, ಆಷಾಢದಲ್ಲಿ ನನಗೆ ಅರ್ಥವಾಯಿತು ಎಂದು ಇಟ್ಟುಕೋ ಎಂದು ಬರೆದಿದ್ದೇನೆ. ಇಟ್ಟುಕೊಳ್ಳಬೇಡ. ಅದೂ ಸುಳ್ಳು. ಹೊಡೆದುಹಾಕಲಿಲ್ಲ, ನೀನು ಓದಲಿ ಎಂದೇ ಬಿಟ್ಟಿದ್ದೇನೆ.

ನನಗೆ ಚೈತ್ರದ ಆ ಮುಂಜಾನೆಯೇ ಗೊತ್ತಾಗಿತ್ತು. ಪಂಚಾಂಗದಲ್ಲಿ ಮೂರನೇ ತಿಥಿ ಹೇಳುವಷ್ಟರಲ್ಲಿ ತಿಳಿದಿತ್ತು. ನೀರು ಕಡಿಮೆಯಾದ ಎಲೆ ಬಾಯಿ ಮುಚ್ಚುತ್ತದೆ ಎಂದು ಹನ್ನೊಂದು ಸಾವಿರ ಸುತ್ತು ಹಾಕಿ ಕಲಿತವಳಿಗೆ ತಿಳಿಯದೆ ಇರುತ್ತದೆಯೇ? ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀನು ನನ್ನ ಕುತ್ತಿಗೆಗೆ ಜೋತುಬಿದ್ದು, “ಆಯಿ, ತುಳಸಿ ಉಪವಾಸ ಇರ್ತಾಳ ಅಂತ ನೀವು ಹೇಳಿದ್ದು ಖರೇ ಆತು” ಎಂದೆ. ಮಾವಶಿ ಎನ್ನಲಿಲ್ಲ, ಆಯಿ ಎಂದೆ. ತಾಯಿಯ ಮುಖವೇ ನೆನಪಿಲ್ಲದ ಹುಡುಗಿ, ನಿನ್ನ ಬಾಯಿಂದ ಅದು ತಪ್ಪಿ ಬಂತೋ ತಿಳಿದು ಬಂತೋ, ನೀನು ಗಮನಿಸಲೂ ಇಲ್ಲ. ನನ್ನ ಹೊಟ್ಟೆಯಲ್ಲಿ ಮೂರು ಬಸಿರು ನಿಂತವು, ಒಂದೂ ಉಳಿಯಲಿಲ್ಲ. ನನ್ನ ಮನೆಯಲ್ಲಿ ಆ ಶಬ್ದ ಯಾರೂ ಆಡಿರಲಿಲ್ಲ. ಇನ್ನೊಂದು ಸಲ ಕೇಳೋಣವೆಂದು ಅವತ್ತು ಸುಮ್ಮನಾದೆ, ಅಷ್ಟೇ. ತುಳಸಿಗಾಗಿ ಅಲ್ಲ, ವಿಠೋಬನಿಗಾಗಿ ಅಲ್ಲ.

ಹೌಸಾ ಬುಧವಾರ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಾಳೆ. ಅಲ್ಲಿಯವರೆಗೆ ಪೇಟೆಯಲ್ಲಿ ತನ್ನ ಹೊರೆಗಳ ಬಳಿ ಕೂತಿರುತ್ತಾಳೆ. ಉತ್ತರವನ್ನು ನೀನೇ ಹೋಗಿ ಕೊಡಲು ಮನಸ್ಸಾಗದಿದ್ದರೆ ಬೇಡ, ಅವಳೇ ನಿನ್ನ ಕೋಣೆಗೆ ಬಂದು ಬಾಗಿಲು ತಟ್ಟುತ್ತಾಳೆ. ಖಾಲಿ ಕೈಯಲ್ಲಿ ಬರಬೇಡ, ಒಂದು ಸಾಲಾದರೂ ಕೇತಕಿಯ ಹತ್ತಿರ ಬರೆಸಿಕೊಂಡು ಬಾ ಎಂದು ಹೌಸಾಳಿಗೆ ಹೇಳಿ ಕಳಿಸುತ್ತೇನೆ.